ಅಳಿಸುವ ಕೈ

ಸೊಹಾರಿನ ಲೇಬರ್ ಕ್ಯಾಂಪಿನಲ್ಲಿ ಶುಕ್ರವಾರ ಮಧ್ಯಾಹ್ನ
ಮೆಸ್ಸಿನ ಮೇಜು ಒರೆಸಿದರೆ ಅದೇ ಶಾಲೆ.
ಒಗ್ಗರಣೆ ವಾಸನೆ ಹೋಗಿರುವುದಿಲ್ಲ,
ಏಸಿ ಕೆಮ್ಮುತ್ತಿರುತ್ತದೆ.
ಐರಿನ್ ಮೇಡಂ ಬರುತ್ತಾರೆ
ಆಸ್ಪತ್ರೆಯ ಎಕ್ಸ್‌ರೇ ಕೋಣೆಯಿಂದ ನೇರ,
ನನ್ನ ಹಿರಿಮಗಳಿಗಿಂತ ಎರಡು ವರ್ಷ ಚಿಕ್ಕವರು.

ನಾನು ಸಾಯಬಣ್ಣ. ನಲವತ್ತೇಳು.
ಬಂದದ್ದು ಓದಿನ ಆಸೆಗಲ್ಲ.
ಹತ್ತೊಂಬತ್ತು ವರ್ಷ ಸಿಮೆಂಟು ಮುಟ್ಟಿ
ಬೆರಳ ಗೆರೆಗಳೆಲ್ಲ ಸವೆದು
ವೀಸಾ ಆಫೀಸಿನ ಯಂತ್ರ ಮೂರು ಸಲ ಕೆಂಪು ತೋರಿಸಿತು.
ಇಷ್ಟು ದಿನ ನನ್ನ ಪರವಾಗಿ ಮಾತಾಡಿದ್ದ
ಹೆಬ್ಬೆಟ್ಟೇ ಕೈಕೊಟ್ಟಿತು.
ಸಹಿ ಕಲಿ, ಅಂದರು.

ಚಿಮಣಿಯ ಸಾರವೆಯ ಮೇಲೆ
ಒಂದು ಪೈಪಿನಿಂದ ಇನ್ನೊಂದಕ್ಕೆ
ಹಾಡು ಗುನುಗುತ್ತ ದಾಟುವವನು.
ಪೆನ್ಸಿಲ್ಲು ಕೊಟ್ಟರೆ ಕಾಲು ನಡುಗಿತು.
ಎಡಗೈ ಹೋಗಿ ತೊಡೆಯ ಅಡಿ ಅಡಗಿತು.
ನಾನು ಹೇಳಿರಲಿಲ್ಲ ಅದಕ್ಕೆ.

ಅದಕ್ಕೆ ನೆನಪಿದೆ.
ಎರಡನೆಯ ಇಯತ್ತೆ. ಪಾಟಿ, ಬಳಪ.
ಎಡಗೈಯಲ್ಲಿ ಬರೆದರೆ
ಅಂಗೈಯ ಅಂಚು ಹಿಂದೆಯೇ ಬಂದು
ಬರೆದದ್ದನ್ನು ಒರೆಸಿಕೊಂಡು ಹೋಗುತ್ತಿತ್ತು.
ಆ ಮುಗಿಯುವಷ್ಟರಲ್ಲಿ ಅ ಇಲ್ಲ.
ಮಾಸ್ತರರ ಮುಂದೆ ಹಿಡಿದರೆ ಬರೀ ಬೂದಿ.
‘ರೊಡ್ಡ, ಏನೂ ಬರೆದಿಲ್ಲ.’
ಬರೆದಿದ್ದೆ.
ನನ್ನದೇ ಚಡ್ಡಿಯ ಲಾಡಿ ಎಳೆದು
ಎಡಗೈ ಬೆನ್ನಿಗೆ ಕಟ್ಟಿದರು, ಈಗ ಬರಿ ಅಂದರು.
ಬಲಗೈ ಚಡ್ಡಿ ಹಿಡಿದಿತ್ತು.
ಬರೆಯಲು ಯಾವ ಕೈ?
ಇಡೀ ತರಗತಿ ನಕ್ಕಿತು, ಮಗ್ಗಿ ಹೇಳುವ ರಾಗದಲ್ಲಿ.
ಮರುದಿನದಿಂದ ಎಮ್ಮೆ ಕಾಯಲು ಹೋದೆ.
ಎಮ್ಮೆಗಳು ಕೈ ನೋಡುವುದಿಲ್ಲ.

ಇಲ್ಲಿ, ಬೇರೆಯವರ ಕರಣೆ ತಲುಪದ ಮೂಲೆ ಬಂದರೆ
ಫೋರ್‌ಮನ್ನು ಈ ಕೈಯನ್ನೇ ಕೂಗುತ್ತಾನೆ.
ಸ್ಟೋರಿನ ಖಲ್ಫಾನ್
ಬಲದಿಂದ ಎಡಕ್ಕೆ ಚೀಲದ ಲೆಕ್ಕ ಬರೆಯುತ್ತಾನೆ.
ಬಿಳಿ ನಿಲುವಂಗಿಯ ಬಲತೋಳಿಗೆ ಸದಾ ನೀಲಿ ಶಾಯಿ,
ಬರೆದದ್ದರ ಮೇಲೇ ಅವನ ಕೈ ಹಾಯುತ್ತದೆ.
ಹತ್ತು ವರ್ಷ ನೋಡಿದ್ದೆ, ಮೊನ್ನೆ ಕಂಡಿತು.
ಹೆಂಡತಿ ಬೈದಿರಬಹುದು ಅವನಿಗೆ.
ಯಾರೂ ಕಟ್ಟಿರಲಿಕ್ಕಿಲ್ಲ.

ಮೇಡಂ ಬೆನ್ನ ಹಿಂದೆ ಹಾದರೆ
ಕತ್ತು ತಾನೇ ಒಳಗೆಳೆದುಕೊಳ್ಳುತ್ತದೆ, ಆಮೆಯ ಹಾಗೆ.
ಅವರು ಗಮನಿಸಿದರು. ಏನೂ ಅನ್ನಲಿಲ್ಲ.
ಈಗ ಎದುರಿನಿಂದ ಬರುತ್ತಾರೆ,
ಕುರ್ಚಿಯನ್ನು ಬೇಕೆಂದೇ ಸದ್ದು ಮಾಡಿ ಎಳೆದು.

ಇವತ್ತು ಅದು ಹೊರಗೆ ಬಂತು.
ಸಾ ಬರೆಯಿತು. ಯ ಬರೆಯಿತು.
‘ಸಾಯ’ ಅಂತ ಅಲ್ಲಿಗೇ ನಿಲ್ಲಿಸಬಾರದೆಂದು
ಅವಸರದಲ್ಲಿ ಬ.
ಣ್ಣ ಮಾತ್ರ ಆಗಲಿಲ್ಲ.
ಆ ಒತ್ತು, ಸಾರವೆಯ ಕೆಳಗೆ
ಹಗ್ಗಕ್ಕೆ ನೇತುಬಿದ್ದವನ ಹಾಗೆ, ಹಿಡಿತಕ್ಕೆ ಸಿಗದು.

ಅಂಗೈಯ ಅಂಚೆಲ್ಲ ಕಪ್ಪು.
ಹಾಳೆಯ ಮೊದಲಿಗೆ ಬರೀ ಬೂದಿ.
ಮೇಡಂ ಅಲ್ಲಿ ಬೆರಳಿಟ್ಟರು. ಕಣ್ಣು ಮುಚ್ಚಿದೆ.
‘ಇಲ್ಲಿ ಏನು ಬರೆದಿದ್ದಿರಿ?’

‘ಸಾ,’ ಅಂದೆ.
ಜೋರಾಗಿಯೇ ಬಂದಿರಬೇಕು.
ಪಾತ್ರೆ ತಿಕ್ಕುತ್ತಿದ್ದವನು ತಿರುಗಿ ನೋಡಿದ.