ಹದಿನಾರು ಅಂದರೆ

ಪುಸ್ತಕ ಮುಚ್ಚು, ಪರಾಗ. ರಾತ್ರಿ ಎರಡೂವರೆ.
ಫೋರ್ಟಿನ ಈ ನಾಲ್ಕನೇ ಮಾಳಿಗೆಯಲ್ಲಿ ಎಚ್ಚರವಿರುವುದು
ನೀನು, ನಾನು, ಸೋರುವ ಎ.ಸಿ.,
ಮತ್ತೆ ಕಣ್ಣು ಮಿಟುಕಿಸುವ ಈ ಹಳೇ ಪೆಟ್ಟಿಗೆಗಳು.

ಇವಕ್ಕೆ ಊರಿನ ನಕ್ಷೆ ಗೊತ್ತಿಲ್ಲ.
ಪನ್ವೇಲ್ ಯಾವ ದಿಕ್ಕಿಗೆ, ಕೇಳು, ಹೇಳಲಾರವು.
ಅರ್ಧ ನಿಮಿಷಕ್ಕೊಮ್ಮೆ ಪಕ್ಕದವನ ಕದ ತಟ್ಟಿ
ತಿಳಿದಷ್ಟು ಒಪ್ಪಿಸುತ್ತವೆ:
ಠಾಣೆಗೆ ನನ್ನಿಂದ ಎರಡು ಹೆಜ್ಜೆ, ವಾಶಿಗೆ ಮೂರು.
ಕೇಳಿದವನು ಒಂದು ಕೂಡಿಸಿಕೊಂಡು
ಆಚೆ ಮನೆಗೆ ಹೇಳುತ್ತಾನೆ.
ಅಷ್ಟರಲ್ಲೇ ಯಾರದೋ ಎಕ್ಸರೇ, ಯಾರದೋ ಮದುವೆ ಫೋಟೋ
ಹೋಗಬೇಕಾದಲ್ಲಿಗೆ ಹೋಗುತ್ತದೆ.

ಅಗೋ, ಕುರ್ಲಾ ಲೈನು ಹೋಯಿತು.
ಗಟಾರಕ್ಕೆಂದು ಯಾರೋ ಅಗೆದಿರಬೇಕು.
ಇವನು ದಾರಿ ಸತ್ತಿತು ಅನ್ನುವ ಮೊದಲೇ
ಪಕ್ಕದವನು ಕೂಗಿದ: ಕುರ್ಲಾಗೆ ನನ್ನಿಂದ ಎರಡೇ ಹೆಜ್ಜೆ!
ಆ ಎರಡರಲ್ಲಿ ಮೊದಲನೆಯದು ಇವನೇ.
ಇವನಿಗದು ತಿಳಿಯದು. ಮೂರು, ಅಂದ.
ಅವನು ನಾಲ್ಕು. ಇವನು ಐದು.
ಇಲ್ಲದ ಕುರ್ಲಾ ಹೀಗೆ ದೂರ ದೂರ ಸರಿಯುತ್ತ
ಇಬ್ಬರ ಬಾಯಲ್ಲೂ ಬದುಕಿರುತ್ತದೆ.

ಯಾರಿಂದ ಕೇಳಿದೆಯೋ ಅವರಿಗೇ ತಿರುಗಿ ಹೇಳಬೇಡ.
ಒಂದು ಸಾಲಿನ ನಿಯಮ. ಯಾರೋ ಅದನ್ನು ಆರಿಸಿದ್ದಾರೆ.
ನೀನೇನಾ?
ಇರಲಿ. ಹದಿನಾರಕ್ಕೆ ನಿಲ್ಲುತ್ತದೆ.
ನಮ್ಮವ್ವನಿಗೆ ಹದಿನಾರಾಣೆ ಅಂದರೆ ಪೂರಾ ನಿಜ,
ಇವಕ್ಕೆ ಹದಿನಾರು ಅಂದರೆ
ಇನ್ನು ಮುಟ್ಟಲಾಗದು.

ಗಿರಗಾಂವಿನ ನಮ್ಮ ಚಾಳಿನಲ್ಲಿ
ಪೇಡ್ಣೇಕರ್ ಬಾಯಿ ಬೀಗ ಹಾಕಿ ಸೋಲಾಪುರಕ್ಕೆ ಹೋದಳು, ತಂಗಿಯ ಮನೆಗೆ.
ಬ್ಯಾಂಕಿನವನು ಸಹಿಗೆ ಬಂದ.
ದಳವಿ ಅಂದರು: ನಾಳೆ ಬರುತ್ತಾಳೆ, ಹಾಲಿನವನು ಹೇಳಿದ.
ಹಾಲಿನವನು ಅಂದ: ನಾಡಿದ್ದು, ದಳವಿ ಹೇಳಿದರು.
ಮೆಟ್ಟಿಲು ಹತ್ತಿ ಇಳಿದು
ಇಬ್ಬರ ಮಾತು ಇಬ್ಬರಿಗೂ ಮುಟ್ಟಿಸಿದವಳು ನಾನು.
ಎಂಟು ವರ್ಷ. ಪ್ರತಿ ಸಲ ಒಂದು ದಿನ ಕೂಡಿಸಿದೆ.
ಅಲ್ಲಿ ಆಕೆಯನ್ನು ಸುಟ್ಟು ತಿಂಗಳಾಗಿತ್ತು.

ನಮ್ಮಲ್ಲಿ ಹದಿನಾರು ಇರಲಿಲ್ಲ, ಪರಾಗ.
ನಾಲ್ಕು ಗಂಟೆಗೆ ನಲ್ಲಿ ಬಂದಾಗ
ಅವ್ವ ಆಕೆಯ ಬಕೆಟ್ಟನ್ನೂ ತುಂಬಿ
ಆ ಬೀಗದ ಕೆಳಗೆ ಇಡುತ್ತಿದ್ದಳು, ಮೇಲೊಂದು ತಟ್ಟೆ ಮುಚ್ಚಿ.
ಸಂಜೆ ಆ ನೀರು ಚೆಲ್ಲುವ ಕೆಲಸ ನನ್ನದು.

ಹದಿನಾಲ್ಕು, ಅಂದ ನೋಡು.
ಕೈ ತೆಗೆ, ಏನೂ ಒತ್ತಬೇಡ.
ಅವೇ ಹೇಳಿಕೊಳ್ಳಲಿ.