ತಲುಪಿಲ್ಲ

ಶಿಡ್ಲಘಟ್ಟ, ದಿಬ್ಬೂರಹಳ್ಳಿ ರಸ್ತೆ. ಹುರಿ ಮಿಷನ್ನುಗಳ ಮೇಲಿನ ಮಹಡಿ.
ಒಂದು ಕುರ್ಚಿ, ಒಂದು ಫ್ಯಾನು, ಮೂಲೆಯಲ್ಲಿ ಸರ್ವರು.
ಸರ್ವರಿಗೂ ಹುಳಕ್ಕೂ ಒಂದೇ ಪಥ್ಯ:
ತಂಪಿರಬೇಕು, ಇರುವೆ ಹತ್ತಬಾರದು.

ಸೋಮವಾರ ಹಳೆಯ ಗಿರಾಕಿಗಳಿಗೆಲ್ಲ ಹೊಸ ದರಪಟ್ಟಿ ಕಳಿಸಿದೆ,
ಸಾವಿರದ ನೂರ ಹನ್ನೆರಡು.
ಮಧ್ಯಾಹ್ನದೊಳಗೆ ಮುನ್ನೂರು ಚಿಲ್ಲರೆ ಮರಳಿ ಬಂದವು.
"ಇಷ್ಟೊಂದು ಜವಾಬು!" ಅಂತ ಇಲಾಹಿ ಸಾಹೇಬರು
ಕೆಳಗಿನಿಂದ ಚಹಾ ಕಳಿಸಿದರು.
ಜವಾಬಲ್ಲ, ವಾಪಸು ಅನ್ನಲು ಬಾಯಿ ಬರಲಿಲ್ಲ.
ಚಹಾ ಕುಡಿದೆ.

ವಾಪಸು ಬಂದದ್ದಕ್ಕೆ ಕಳಿಸಿದವರ ಹೆಸರಿರುವುದಿಲ್ಲ.
ಹೆಸರಿನ ಜಾಗದಲ್ಲಿ ಎರಡು ಕೊಕ್ಕೆ, ನಡುವೆ ಬಯಲು.
ಉತ್ತರ ಬರೆದರೆ ಅದು ಹೋಗಲು ಊರಿಲ್ಲ.
ಬೇಕೆಂದೇ ಹಾಗೆ ಮಾಡಿದ್ದಾರೆ,
ಇಲ್ಲದಿದ್ದರೆ ಎರಡು ಯಂತ್ರ ಒಂದಕ್ಕೊಂದು
ಇಲ್ಲ, ಇಲ್ಲ ಅನ್ನುತ್ತ ಬೆಳಗು ಮಾಡಿಯಾವು.

ಸಣ್ಣವಳಿದ್ದಾಗ ತಲಕಾಯಲಬೆಟ್ಟದ ಬಂಡೆಗೆ ಕೂಗುತ್ತಿದ್ದೆ.
ನನ್ನ ಮಾತನ್ನೇ ಬಾಲ ಕತ್ತರಿಸಿ ಕೊಡುತ್ತಿತ್ತು ಬಂಡೆ.
ಒಂದು ದಿನ ಮಾತ್ರ ಆಚೆಯಿಂದ
"ಯಾವಳೇ ಅದು, ಮೇಕೆ ಬೆದರಿಸೋಳು?"
ಬಂಡೆಗೆ ಮೇಕೆ ಇರುವುದಿಲ್ಲ.
ಓಡಿಬಿಟ್ಟೆ.

ಇದೇ ಲೆಕ್ಕದಲ್ಲಿ ಹೋದ ವರ್ಷ ಜರಡಿ ಕಟ್ಟಿದ್ದೆ:
ಹೆಸರು ಖಾಲಿಯಿದ್ದರೆ ಎಡದ ಬುಟ್ಟಿ,
'ನಾಟ್ ಡೆಲಿವರ್ಡ್' ಅಂದರೆ ಎಡದ ಬುಟ್ಟಿ,
ಉಳಿದದ್ದು ಬಲಕ್ಕೆ, ಮನುಷ್ಯರದು.
ಬಲಗಡೆ ಬಿದ್ದದ್ದು ಹತ್ತೊಂಬತ್ತು. ಅದರಲ್ಲಿ ಹದಿನೇಳು
"ತಮ್ಮ ಪತ್ರ ತಲುಪಿದೆ, ಧನ್ಯವಾದಗಳು, ಶೀಘ್ರವೇ ಉತ್ತರಿಸುತ್ತೇವೆ."
ಕಣ್ಣು ಮಿಟುಕಿಸುವುದರೊಳಗೆ ಬಂದ ಧನ್ಯವಾದ.
ಧರ್ಮಾವರದ ಆ ಅಂಗಡಿಗೆ ಬೀಗ ಬಿದ್ದು ಮೂರು ವರ್ಷ;
ವಿನಯ ಮಾತ್ರ ಇನ್ನೂ ಕೆಲಸಕ್ಕೆ ಬರುತ್ತಿದೆ.

ನಮ್ಮಮ್ಮ ನಲವತ್ತು ವರ್ಷ ಗೂಡು ಆರಿಸಿದವಳು.
ಹೊಳಪು ನೋಡಿ ಮೋಸಹೋಗಬೇಡ ಅನ್ನುತ್ತಾಳೆ,
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸು.
ಒಳಗೆ ಗಲ್ ಅಂದರೆ ಸರಿ,
ಅನ್ನದಿದ್ದರೆ ಹುಳ ಕರಗಿ ಗೋಡೆಗೆ ಅಂಟಿದೆ.

ರಾತ್ರಿ ಎಡದ ಬುಟ್ಟಿ ಸುರಿದುಕೊಂಡು ಕೂತೆ.
ಡಬ್ಬಿ ತುಂಬಿದೆ. ಗಲ್ ಇಲ್ಲ.
ಅಂಥ ವಿಳಾಸವಿಲ್ಲ. ಗಲ್ ಇಲ್ಲ.
ಇನ್ನೂರ ಎಂಟನೆಯದಕ್ಕೆ ತಲೆಯ ಮೇಲೆ 'ನಾಟ್ ಡೆಲಿವರ್ಡ್',
ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕುಂಟುವ ಕನ್ನಡ:

"ದರ ಕಟ್ಕೊಂಡು ಏನ್ ಮಾಡ್ಲಿ ಸ್ವಾಮಿ,
ಹೋದ ತಿಂಗಳ ಹುರಿನೂಲೇ ಬಂದಿಲ್ಲ.
ಮೂರು ಮಗ್ಗ ಬಾಯಿ ಬಿಟ್ಕೊಂಡು ಕೂತವೆ.
ಇದು ಮೂರನೇ ಸಲ ಬರೀತಿರೋದು.
ಅಲ್ಲಿ ಯಾರಾದ್ರೂ ಇದೀರೋ, ಬರೀ ಮಿಷನ್ನೋ?
ಪಾಲಯ್ಯ, ಮೊಳಕಾಲ್ಮೂರು."

ಹಳೆಯ ಎರಡನ್ನೂ ಹುಡುಕಿದೆ. ಇದ್ದವು, ಎಡದಲ್ಲೇ,
ನನ್ನ ಜರಡಿಯ ಶಿಸ್ತಿಗೆ ಸಿಕ್ಕಿ.

ಜವಾಬು ಬರೆಯಲು ಕೂತರೆ ಮೊದಲ ಸಾಲು
ಹೇಗೆ ಬರೆದರೂ 'ತಮ್ಮ ಪತ್ರ ತಲುಪಿದೆ' ಅಂತಲೇ ಆಗುತ್ತದೆ.
ಅಳಿಸಿದೆ. ಮತ್ತೆ ಅದೇ. ಅಳಿಸಿದೆ.
ಕೆಳಗೆ ಮಿಷನ್ನು ನಿಂತ ಮೇಲೆ ಬರೆದೆ:
ಇದೀನಿ ಪಾಲಯ್ಯನವರೇ. ತಪ್ಪು ನಂದು.
ನಾಳೆ ಬೆಳಿಗ್ಗೆ ಲಾರಿ ಆಫೀಸಿಗೆ ನಾನೇ ಹೋಗ್ತೀನಿ.
ಫೋನ್ ನಂಬರ್ ಕೊಡಿ, ಬೈಯೋದಿದ್ದರೆ ಬೈಯಿರಿ.

ಎರಡು ಕಡೆ ಅಕ್ಷರ ತಪ್ಪಿತ್ತು.
ತಿದ್ದಲಿಲ್ಲ.