ವ್ಯಾಗನ್ ಲೆಕ್ಕ

ಹಾಜರಿ ಪುಸ್ತಕಕ್ಕೆ ಎರಡೇ ಮಾತು ಗೊತ್ತು:
ಇದ್ದಾಳೆ, ಇಲ್ಲ.
ಇಪ್ಪತ್ತೇಳನೇ ನಂಬರು ಭಾಗ್ಯವಂತಿ
ಮೂರನೇ ಬೆಂಚಿನ ಗೋಡೆ ಬದಿಗೆ ಕೂತೇ ಇರುತ್ತಾಳೆ.
ಹೆಸರು ಕೂಗಿದರೆ ತಸ್ಲೀಮಾ ಹೇಳುತ್ತಾಳೆ:
"ಬಂದಾಳ್ರಿ ಟೀಚರ್. ಖರೇ, ಬಂದಿಲ್ರಿ."
ನಾನು ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತೇನೆ.

ಹೋದ ವರ್ಷವಾದರೆ ಗದರಿಸುತ್ತಿದ್ದೆ.
ಗದರಿಸಿದ್ದೇನೆ, ಬೇರೊಬ್ಬ ಹುಡುಗನಿಗೆ:
"ಕಿವಿ ಅಡವಿಟ್ಟು ಬಂದೀಯೇನ?"
ಇಡೀ ತರಗತಿ ನಕ್ಕಿತ್ತು.
ಅವನ ಟಿ.ಸಿ. ಬರೆಯುವಾಗ ನನ್ನ ಪೆನ್ನು ನಡೆಯಲಿಲ್ಲ.
ಅವನೇ ತನ್ನದು ಕೊಟ್ಟ, ಮುಚ್ಚಳ ತೆಗೆದು.

ಭಾಗ್ಯವಂತಿಯ ಅವ್ವ ಗಣಿಗೆ ಹೋಗುವಾಕೆ,
ಸೆರಗಿನ ತುಂಬ ಪರ್ಸಿ ಕಲ್ಲಿನ ಪುಡಿ.
"ಗಾಳಿ ಸೋಕ್ಯಾದ ಅಂತಾರ್ರಿ, ತಾಯತ ಕಟ್ಸೀನಿ."
ಬಿಚ್ಚು ಎನ್ನಲಿಲ್ಲ ನಾನು.
ಅದೂ ಇರಲಿ, ಬುಧವಾರ ಕಲಬುರಗಿ ದವಾಖಾನಿಗೆ ಹೋಗೋಣ ಎಂದೆ.
ಪ್ಯಾಸೆಂಜರ್ ಗಾಡಿಯಲ್ಲಿ ಮೂವರೂ ಒಂದೇ ಸೀಟು,
ಮಾತಿಲ್ಲ.
ಶಹಾಬಾದ್ ದಾಟಿದ ಮೇಲೆ ಅವ್ವ
ಶೇಂಗಾ ಸುಲಿದು ಕೊಟ್ಟಳು, ಮೊದಲು ನನಗೆ.

ಈಗ ಬಿಳಿ ಗುಳಿಗೆ. ಎರಡನೇ ಪಿರಿಯಡ್ಡಿಗೆ ನಿದ್ದೆ.
ಮಲಗಲಿ, ಬೀಜಗಣಿತ ಎಲ್ಲಿಗೂ ಓಡಿಹೋಗುವುದಿಲ್ಲ.
ತಸ್ಲೀಮಾ ಕಾರ್ಬನ್ ಇಟ್ಟು ನೋಟ್ಸ್ ಬರೆಯುತ್ತಾಳೆ;
ಕೆಳಗಿನ ಪ್ರತಿ ಗೆಳತಿಗೆ, ನೀಲಿ, ತುಸು ಮಸುಕು.

ಕೆಲವು ದಿನ ನಿದ್ದೆಯ ಜಾಗಕ್ಕೆ ಇನ್ನೊಂದು ಬರುತ್ತದೆ.
ಉಸಿರು ಗಂಟಲಲ್ಲೇ ಸಿಕ್ಕಿ
ಬೆಂಚಿನ ಅಂಚು ಹಿಡಿದ ಬೆರಳು ಬೆಳ್ಳಗಾಗುತ್ತವೆ.
ಎಲ್ಲರೂ ತಿರುಗಿ ನೋಡುತ್ತಾರಲ್ಲ,
ಅದು ಉಸಿರಿಗಿಂತ ಬಿಗಿ.

ನಮ್ಮ ಶಾಲೆಯ ಹಿಂದೆಯೇ ವಾಡಿ ಜಂಕ್ಷನ್ನಿನ ಹಳಿ.
ಹನ್ನೊಂದೂ ಇಪ್ಪತ್ತಕ್ಕೆ ಸಿಮೆಂಟಿನ ಗೂಡ್ಸ್.
ಅದರ ಎದುರು ನನ್ನ ದನಿ ಯಾವ ಲೆಕ್ಕ?
ಹಾಗಾಗಿ ಒಂದು ಕಾಯಿದೆ ಮಾಡಿದೆ:
ಗಾಡಿ ಬಂದರೆ ಒಂಬತ್ತನೇ ಬಿ ಪೂರಾ ಕಿಟಕಿಗೆ ತಿರುಗಿ
ಬಾಯಿಬಿಟ್ಟು ವ್ಯಾಗನ್ ಎಣಿಸಬೇಕು.
ಗಾಡಿ ಇಲ್ಲದಾಗ ನಾನು ಚಾಕ್‌ಪೀಸ್ ಎತ್ತಿ ಕಿಟಕಿ ತೋರಿಸಿದರೆ
ನೆನಪಿನ ಗಾಡಿ ಎಣಿಸಬೇಕು.
ಯಾರಿಗಾಗಿ ಎಂದು ಒಬ್ಬರೂ ಕೇಳಲಿಲ್ಲ.
ನಲವತ್ತೆರಡು ಬಾಯಿ. ಒಂದು, ಎರಡು, ಮೂರು...
ಆ ಗದ್ದಲದಲ್ಲಿ ಅವಳ ಉಸಿರು
ಯಾರ ಕಣ್ಣಿಗೂ ಬೀಳದೆ
ಯಾವುದೋ ಡಬ್ಬಿ ಹತ್ತಿಕೊಳ್ಳುತ್ತದೆ.

"ಇದು ಗಣಿತ ಏನ್ರಿ?" ಬಾಗಿಲಲ್ಲಿ ಕಾಶೀರಾಯ ಸರ್.
"ಎಣಿಕಿ ಅಲ್ಲೇನ್ರಿ ಸರ್."
ರಿಜಿಸ್ಟರಿನ ಮೇಲೆ ಕನ್ನಡಕ ಇಳಿಸಿ, "ಈ ಚುಕ್ಕಿ?"
"ಹಾದ್ಯಾಗ ಅದಾಳ್ರಿ ಸರ್."
ಅವರು ಏನೂ ಅನ್ನಲಿಲ್ಲ. ಸಹಿ ಹಾಕಿದರು.

ನಿನ್ನೆ ಗಾಡಿ ಹೋದ ಮೇಲೆ
ಐವತ್ತೊಂಬತ್ತು, ಎಂದು ಬೋರ್ಡಿನ ಮೂಲೆಗೆ ಬರೆದೆ.
ಗೋಡೆ ಬದಿಯಿಂದ ಒಂದು ದನಿ,
ಹತ್ತೊಂಬತ್ತು ದಿನ ಬಳಸದ್ದು,
ತುಕ್ಕು ಹಿಡಿದ ಚಿಲಕದಂತೆ ಕಿರುಗುಟ್ಟಿ:
"ಐವತ್ತೆಂಟ್ರಿ ಟೀಚರ್.
ನೀವು ಎಂಜಿನ್ನೂ ಸೇರ್ಸೀರಿ."
ಒರೆಸಿದೆ. ತಿದ್ದಿದೆ.
ತಿದ್ದಿದ ಮೇಲೂ ಸ್ವಲ್ಪ ಹೊತ್ತು
ಬೋರ್ಡಿನ ಕಡೆಗೇ ನಿಂತಿದ್ದೆ.

ಇವತ್ತು ಮತ್ತೆ ಚುಕ್ಕೆ.
ಇರಲಿ.
ಹನ್ನೊಂದೂ ಇಪ್ಪತ್ತಕ್ಕೆ
ಇನ್ನೂ ನಲವತ್ತು ನಿಮಿಷ ಇದೆ.